ನಾಯಿಯ ಜೊತೆ ಎರಡು ವಾರ ಬಯಲಲ್ಲಿ: ದೀರ್ಘ ಹಕ್ಕಿಬೇಟೆ ಪ್ರವಾಸಕ್ಕೆ ತಯಾರಿ ಹೇಗೆ?

ಮೊಂಟಾನಾದಿಂದ ಕಾನ್ಸಸ್‌ವರೆಗೆ ಹಬ್ಬಿದ ಅಮೆರಿಕದ ಹುಲ್ಲುಬಯಲಿನಲ್ಲಿ ಎರಡು ವಾರ ಹಕ್ಕಿಬೇಟೆ ಆಡಲು ಹೊರಡುವವರು ಮೊದಲು ಬಿಡಿಸಿ ಕೂರುವುದು ಭೂಪಟವನ್ನು. ಎಷ್ಟು ರಾಜ್ಯ, ಎಷ್ಟು ಜಾತಿಯ ಹಕ್ಕಿ, ದಿನಕ್ಕೆ ಎಷ್ಟು ಮೈಲಿ ಎಂದು ಲೆಕ್ಕ ಹಾಕುತ್ತಾರೆ. ನಾನು ಹೇಳುವುದು ಬೇರೆ: ಮೊದಲು ನಿಮ್ಮ ನಾಯಿಯ ಅಂಗಾಲು ತಿರುಗಿಸಿ ನೋಡಿ. ಎರಡು ವಾರದ ಬೇಟೆಯಲ್ಲಿ ಮೊದಲು ಸೋಲುವುದು ನಾಯಿಯ ಕಾಲು. ನಾಯಿ ಮಲಗಿದರೆ ಆ ವಿಶಾಲ ಬಯಲಲ್ಲಿ ನೀವು ಕೋವಿ ಹಿಡಿದು ಸುಮ್ಮನೆ ನಡೆಯುತ್ತಿರುತ್ತೀರಿ, ಅಷ್ಟೇ. ಹಾಗಾಗಿ ದಿನಗಳು, ದೂರ, ಊಟ, ವಿಶ್ರಾಂತಿ ಎಲ್ಲವನ್ನೂ ನಾಯಿಯ ಶಕ್ತಿಗೆ ಹೊಂದಿಸಿಕೊಳ್ಳಬೇಕು. ಈ ಲೇಖನ ನಿಂತಿರುವುದು ಆ ಒಂದು ಮಾತಿನ ಮೇಲೆ.

ಭಾರತದಲ್ಲಿರುವ ಓದುಗರಿಗೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಈ ಬಗೆಯ ಬೇಟೆಗೆ ಅವಕಾಶವಿಲ್ಲ. ಇಲ್ಲಿ ಬರೆದಿರುವುದು ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು, ಅಲ್ಲಿನ ನಿಯಮದಂತೆ ಬೇಟೆಯಾಡುವವರಿಗೆ.

ಕೋವಿ ಮುಟ್ಟುವ ಮುಂಚೆ ವೀಸಾ

ನಮ್ಮವರಲ್ಲಿ ಹಲವರಿಗೆ ಇದು ಗೊತ್ತಿರುವುದಿಲ್ಲ. ಎಚ್-1ಬಿ, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಇರುವವರು ಕೋವಿಯಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ನಮಗೆ ಮುಖ್ಯವಾದದ್ದು, ಅಮೆರಿಕದಲ್ಲಿ ಕಾನೂನುಬದ್ಧವಾಗಿ ಪಡೆದ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿರಬೇಕು ಎಂಬುದು. ಅಂದರೆ ಪರವಾನಗಿ ಮೊದಲು, ಕೋವಿ ಆಮೇಲೆ. ಗೆಳೆಯನ ಕೋವಿಯನ್ನು 'ಸ್ವಲ್ಪ ಹಿಡಿದುಕೋ' ಎಂದು ಕೊಟ್ಟರೂ ಇದೇ ಮಾತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ. ನಿಮ್ಮ ಸ್ಥಿತಿಯಲ್ಲಿ ಎಳ್ಳಷ್ಟು ಅನುಮಾನವಿದ್ದರೂ ವಲಸೆ ವಕೀಲರನ್ನು ಒಮ್ಮೆ ಕೇಳಿ. ಒಂದು ಹಕ್ಕಿಗಾಗಿ ವೀಸಾ ಕಳೆದುಕೊಳ್ಳುವ ಕೆಲಸ ಬೇಡ.

ಪರವಾನಗಿಗೆ ಸಾಮಾನ್ಯವಾಗಿ ಹಂಟರ್ ಎಜುಕೇಶನ್ ತರಬೇತಿಯ ಪ್ರಮಾಣಪತ್ರ ಬೇಕು. ಒಂದು ರಾಜ್ಯದಲ್ಲಿ ಪಡೆದದ್ದನ್ನು ಬೇರೆ ರಾಜ್ಯಗಳೂ ಒಪ್ಪುತ್ತವೆ. ಬೇಸಿಗೆಯಲ್ಲೇ ಮುಗಿಸಿ, ಏಕೆಂದರೆ ಸೀಸನ್ ಹತ್ತಿರ ಬಂದಾಗ ತರಗತಿಗಳು ತುಂಬಿಹೋಗಿರುತ್ತವೆ.

ಹಕ್ಕಿ, ತಿಂಗಳು, ರಾಜ್ಯ

ಮೂರನ್ನೂ ಒಟ್ಟಿಗೇ ನಿರ್ಧರಿಸಬೇಕು. ಸೆಪ್ಟೆಂಬರ್ ತಿಂಗಳು ಶಾರ್ಪ್‌ಟೇಲ್ ಗ್ರೌಸ್, ಪ್ರೇರಿ ಚಿಕನ್ (ಎರಡೂ ಬಯಲಿನ ಕಾಡುಕೋಳಿಯಂಥ ಹಕ್ಕಿಗಳು) ಮತ್ತು ಹಂಗೇರಿಯನ್ ಕೌಜುಗದ್ದು. ಮೊಂಟಾನಾ ಮತ್ತು ನೆಬ್ರಾಸ್ಕಾದಲ್ಲಿ ಗ್ರೌಸ್ ಬೇಟೆ ಸೆಪ್ಟೆಂಬರ್ 1ರಂದೇ ಶುರುವಾಗುತ್ತದೆ, ಸೌತ್ ಡಕೋಟದಲ್ಲಿ ಅದೇ ತಿಂಗಳ ಮೂರನೇ ಶನಿವಾರ. ಅಕ್ಟೋಬರ್ ಬಂದರೆ ಫೆಸೆಂಟ್, ಅಂದರೆ ಕೋಳಿ ಜಾತಿಯ ಉದ್ದ ಬಾಲದ ಹಕ್ಕಿ. ನಾರ್ತ್ ಡಕೋಟದಲ್ಲಿ ಆ ತಿಂಗಳ ಮೊದಲ ಭಾಗದಲ್ಲಿ, ಸೌತ್ ಡಕೋಟದಲ್ಲಿ ಮೂರನೇ ಶನಿವಾರ ಆರಂಭ. ಕಾನ್ಸಸ್‌ನಲ್ಲಿ ಫೆಸೆಂಟ್ ಮತ್ತು ಬಾಬ್‌ವೈಟ್ ಕ್ವೇಲ್ ಎರಡೂ ನವೆಂಬರ್‌ನ ಎರಡನೇ ಶನಿವಾರದಿಂದ.

ನಾಯಿಯ ದೃಷ್ಟಿಯಿಂದ ನೋಡಿದರೆ ಲೆಕ್ಕ ಬೇರೆ ಬರುತ್ತದೆ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಬಯಲಿನ ಬಿಸಿಲು 30 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹಾವುಗಳು ಇನ್ನೂ ಹೊರಗಿರುತ್ತವೆ, ಹುಲ್ಲಿನ ತೆನೆ ಒಣಗಿ ಮುಳ್ಳಾಗಿರುತ್ತದೆ. ನವೆಂಬರ್ ಕೊನೆಗೆ ಹೋದರೆ ಹಿಮಗಾಳಿ, ಹೆಪ್ಪುಗಟ್ಟಿದ ಜೊಂಡು. ನನ್ನ ಮಟ್ಟಿಗೆ ಮೊದಲ ದೀರ್ಘ ಪ್ರವಾಸಕ್ಕೆ ಅಕ್ಟೋಬರ್‌ನ ನಡುವಿನ ಎರಡು ವಾರಕ್ಕೆ ಸಮನಾದ ಕಾಲ ಇಲ್ಲ. ಗ್ರೌಸ್ ಇನ್ನೂ ಸಿಗುತ್ತದೆ, ಫೆಸೆಂಟ್ ಶುರುವಾಗಿರುತ್ತದೆ, ಬೆಳಗಿನ ಚಳಿಗೆ ನೆಲದ ಮೇಲೆ ಹಕ್ಕಿಯ ವಾಸನೆ ನಿಲ್ಲುತ್ತದೆ.

ಪರವಾನಗಿಯ ಅವಧಿಯೂ ಪ್ರವಾಸದ ಆಕಾರವನ್ನು ನಿರ್ಧರಿಸುತ್ತದೆ. ಸೌತ್ ಡಕೋಟ ಹೊರರಾಜ್ಯದವರಿಗೆ ಕೊಡುವ, ಹಕ್ಕಿಯಂಥ ಸಣ್ಣ ಬೇಟೆಯ ಪರವಾನಗಿ ಐದೈದು ದಿನಗಳ ಎರಡು ಕಂತಿನದು. ನಾರ್ತ್ ಡಕೋಟದಲ್ಲಿ ಸತತ 14 ದಿನ, ಇಲ್ಲವೇ ಏಳೇಳು ದಿನಗಳ ಎರಡು ಕಂತು. ಆದರೆ ಅಲ್ಲಿ ಫೆಸೆಂಟ್ ಸೀಸನ್ನಿನ ಮೊದಲ ವಾರ ಹೊರರಾಜ್ಯದವರು ಪ್ಲಾಟ್ಸ್ ಜಮೀನುಗಳಲ್ಲಿ, ಅಂದರೆ ಸರ್ಕಾರ ಬೇಟೆಗಾರರಿಗಾಗಿ ಒಪ್ಪಂದ ಮಾಡಿಕೊಂಡ ಖಾಸಗಿ ಹೊಲಗಳಲ್ಲಿ, ಬೇಟೆಯಾಡುವಂತಿಲ್ಲ. ಇದು ತಿಳಿಯದೆ ಆ ವಾರವೇ ಹೋದವರ ಯೋಜನೆಯೆಲ್ಲ ಕೆಡುತ್ತದೆ. ನಿಯಮ, ದಿನಾಂಕ, ಶುಲ್ಕ ವರ್ಷ ವರ್ಷ ಬದಲಾಗುತ್ತವೆ. ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಒಂದು ಪ್ರತಿ ಗಾಡಿಯಲ್ಲಿಡಿ.

ಎರಡು ವಾರಕ್ಕೆ ಎಷ್ಟು ರಾಜ್ಯ? ಎರಡು ಸಾಕು. ಎರಡು ನೆಲೆ ಆರಿಸಿಕೊಳ್ಳಿ, ಅವುಗಳ ನಡುವೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ದೂರ ಬೇಡ. ಐದು ರಾಜ್ಯ ಸುತ್ತುವವರು ಬೇಟೆಗಿಂತ ಹೆಚ್ಚು ಹೊತ್ತು ಹೆದ್ದಾರಿಯಲ್ಲಿ ಕಳೆಯುತ್ತಾರೆ. ನಾಯಿ ಪೆಟ್ಟಿಗೆಯಲ್ಲಿ ಮುದುಡಿ ಕೂತು ಕಾಲು ಹಿಡಿದುಕೊಳ್ಳುತ್ತದೆ.

ನೆಲ ಹುಡುಕುವುದು

ಈ ಕೆಲಸ ಜೂನ್‌ನಲ್ಲೇ ಶುರುವಾಗಬೇಕು. ಫೆಸೆಂಟ್ ಮತ್ತು ಗ್ರೌಸ್ ಮರಿಗಳು ಬಹುಪಾಲು ಜೂನ್‌ನಲ್ಲಿ ಮೊಟ್ಟೆಯೊಡೆದು ಬರುತ್ತವೆ. ಮೊದಲ ವಾರಗಳಲ್ಲಿ ಅವು ಬದುಕುವುದು ಹುಳುಹುಪ್ಪಟೆ ತಿಂದು. ಆ ಸಮಯದಲ್ಲಿ ದಿನಗಟ್ಟಲೆ ಚಳಿಮಳೆ ಹಿಡಿದರೆ ಮರಿಗಳು ಸಾಯುತ್ತವೆ. ತೀವ್ರ ಬರ ಬಂದರೆ ಹುಲ್ಲೂ ಇಲ್ಲ, ಹುಳುವೂ ಇಲ್ಲ. ಬರದ ವರ್ಷ ಸಿಆರ್‌ಪಿ ಹುಲ್ಲನ್ನು ಕೊಯ್ಯಲು, ಮೇಯಿಸಲು ರೈತರಿಗೆ ಅನುಮತಿ ಕೊಡುತ್ತಾರೆ. ಸಿಆರ್‌ಪಿ ಎಂದರೆ 1985ರ ಕೃಷಿ ಮಸೂದೆಯಿಂದ ಬಂದ ಯೋಜನೆ. ಉಳುಮೆ ಬಿಟ್ಟು ಹುಲ್ಲು ಬೆಳೆಸಿದ ರೈತರಿಗೆ ಸರ್ಕಾರ ಬಾಡಿಗೆ ಕೊಡುತ್ತದೆ, ಬಯಲಿನ ಎಷ್ಟೋ ಫೆಸೆಂಟ್ ಬದುಕಿರುವುದು ಅದರಿಂದ. ಹಾಗಾಗಿ ಕಳೆದ ವರ್ಷ ಹಕ್ಕಿ ತುಂಬಿದ್ದ ಹೊಲ ಈ ವರ್ಷ ಬೋಳಾಗಿರಬಹುದು. ಅಮೆರಿಕದ ಬರ ನಕ್ಷೆ ಪ್ರತಿ ಗುರುವಾರ ಹೊಸದಾಗಿ ಬರುತ್ತದೆ, ಬೇಸಿಗೆಯುದ್ದಕ್ಕೂ ಅದರ ಮೇಲೆ ಒಂದು ಕಣ್ಣಿಡಿ. ನಾರ್ತ್ ಡಕೋಟ, ಕಾನ್ಸಸ್ ಮುಂತಾದ ರಾಜ್ಯಗಳು ರಸ್ತೆಬದಿಯ ಹಕ್ಕಿಗಣತಿಯ ಫಲಿತಾಂಶ ಪ್ರಕಟಿಸುತ್ತವೆ. ಅದು ಬಂದ ಮೇಲೆಯೇ ಜಿಲ್ಲೆ ಆರಿಸಿ.

ಸಾರ್ವಜನಿಕರಿಗೆ ತೆರೆದ ನೆಲ ಬೇಕಾದಷ್ಟಿದೆ. ನಾರ್ತ್ ಡಕೋಟದ ಲಿಟಲ್ ಮಿಸೌರಿ ರಾಷ್ಟ್ರೀಯ ಹುಲ್ಲುಗಾವಲು ಒಂದೇ ಹತ್ತು ಲಕ್ಷ ಎಕರೆಗೂ ಹೆಚ್ಚು. ಸೌತ್ ಡಕೋಟದ ಫೋರ್ಟ್ ಪಿಯರ್ ಹುಲ್ಲುಗಾವಲು ಪ್ರೇರಿ ಚಿಕನ್ ಮತ್ತು ಶಾರ್ಪ್‌ಟೇಲ್‌ಗೆ ಹೆಸರಾದದ್ದು. ಖಾಸಗಿ ಜಮೀನನ್ನು ಬೇಟೆಗೆ ತೆರೆಸುವ ಯೋಜನೆಗಳಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು: ಮೊಂಟಾನಾದಲ್ಲಿ ಬ್ಲಾಕ್ ಮ್ಯಾನೇಜ್‌ಮೆಂಟ್, ಕಾನ್ಸಸ್‌ನಲ್ಲಿ ವಾಕ್-ಇನ್ ಅಥವಾ ವಿಹಾ, ನೆಬ್ರಾಸ್ಕಾದಲ್ಲಿ ಓಪನ್ ಫೀಲ್ಡ್ಸ್. ಬ್ಲಾಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕೆಲವು ಕಡೆ ಅಲ್ಲೇ ಪೆಟ್ಟಿಗೆಯಲ್ಲಿ ಹೆಸರು ಬರೆದು ಹೋಗಬಹುದು, ಕೆಲವು ಕಡೆ ಮೊದಲೇ ಅನುಮತಿ ಪಡೆಯಬೇಕು. ಮೂಲನಿವಾಸಿಗಳ ಮೀಸಲು ಪ್ರದೇಶದಲ್ಲಿ ಆ ಬುಡಕಟ್ಟಿನ ಸರ್ಕಾರದ್ದೇ ಪ್ರತ್ಯೇಕ ಪರವಾನಗಿ ಬೇಕು. ಅಲ್ಲಿ ರಾಜ್ಯದ ಕಾಗದವನ್ನು ನಂಬಿಕೊಂಡು ಹೋಗಬೇಡಿ.

ಮೊಂಟಾನಾದಲ್ಲಿ ಫಲಕ ಇರಲಿ ಬಿಡಲಿ, ಖಾಸಗಿ ಜಮೀನಿನಲ್ಲಿ ಬೇಟೆಯಾಡಲು ಒಡೆಯರ ಅನುಮತಿ ಬೇಕೇ ಬೇಕು. ಕೇಳಲು ಹೋಗುವಾಗ ಸಂಜೆಯ ಹೊತ್ತು ಹೋಗಿ. ಕೋವಿಯನ್ನೂ ನಾಯಿಯನ್ನೂ ಗಾಡಿಯಲ್ಲೇ ಬಿಟ್ಟು ಬಾಗಿಲಿಗೆ ಹೋಗಿ. ಹೆಸರು, ಊರು, ಎಷ್ಟು ಜನ, ಎಷ್ಟು ನಾಯಿ, ಯಾವ ಗಾಡಿ ಎಂದು ಮೊದಲೇ ಹೇಳಿಬಿಡಿ. ದನಗಳು ಎಲ್ಲಿವೆ, ಯಾವ ಕಡೆ ಹೋಗಬಾರದು ಎಂದು ನೀವಾಗಿಯೇ ಕೇಳಿ. ಗೇಟು ತೆರೆದಿತ್ತೋ ತೆರೆದೇ ಇರಲಿ, ಮುಚ್ಚಿತ್ತೋ ಮುಚ್ಚಿಯೇ ಹೋಗಿ. ಬೇಟೆ ಮುಗಿದ ಮೇಲೆ ಮತ್ತೆ ಹೋಗಿ ಮಾತಾಡಿಸಿ, ಶುಚಿ ಮಾಡಿದ ಹಕ್ಕಿ ಬೇಕೇ ಎಂದು ಕೇಳಿ. ಹಲವರು ಈ ಎರಡನೇ ಭೇಟಿಯನ್ನು ಬಿಟ್ಟುಬಿಡುತ್ತಾರೆ. ಮುಂದಿನ ವರ್ಷ ಬಾಗಿಲು ತೆರೆಯುವುದು ಮಾತ್ರ ಅದರಿಂದಲೇ.

ಫೋನಿನಲ್ಲಿ ಆನ್‌ಎಕ್ಸ್‌ನಂತಹ ಜಮೀನು ಗಡಿ ತೋರಿಸುವ ನಕ್ಷೆ ಇರಲಿ, ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬಯಲಿನ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ಪ್ರತಿ ನೆಲೆಗೂ ಹದಿನೈದಿಪ್ಪತ್ತು ಜಾಗ ಗುರುತು ಹಾಕಿ. ಅರ್ಧದಷ್ಟು ಮೇಯಿಸಿಯೋ ಕೊಯ್ದೋ ಹೋಗಿರುತ್ತವೆ, ಕೆಲವೆಡೆ ನಿಮಗಿಂತ ಮೊದಲೇ ಇನ್ನೊಬ್ಬರ ಗಾಡಿ ನಿಂತಿರುತ್ತದೆ.

ನಾಯಿಗೆ ಎಂಟು ವಾರ

ಹಕ್ಕಿಬೇಟೆಯಲ್ಲಿ ನೀವು ಹತ್ತು ಕಿಲೋಮೀಟರ್ ನಡೆದರೆ ದೂರ ಹಾಯುವ ಪಾಯಿಂಟಿಂಗ್ ನಾಯಿ (ಹಕ್ಕಿಯ ವಾಸನೆ ಹಿಡಿದು, ನಿಂತು ಜಾಗ ತೋರಿಸುವ ಜಾತಿ) ಅದರ ಮೂರು ನಾಲ್ಕು ಪಟ್ಟು ಓಡಿರುತ್ತದೆ. ಕೊರಳಿನ ಜಿಪಿಎಸ್ ಅದನ್ನು ಪ್ರತಿ ಸಂಜೆ ತೋರಿಸುತ್ತದೆ. ಮನೆಯ ಹುಲ್ಲುಹಾಸಿನ ಮೇಲೆ ಬೇಸಿಗೆ ಕಳೆದ ನಾಯಿಯಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ.

ಎಂಟು ವಾರ ಮುಂಚೆ ಶುರು ಮಾಡಿ. ಮೊದಲ ಎರಡು ವಾರ ವಾರಕ್ಕೆ ಮೂರು ನಾಲ್ಕು ದಿನ ಅರ್ಧ ಗಂಟೆಯ ಓಟ, ತಂಪು ಹೊತ್ತಿನಲ್ಲಿ ಮಾತ್ರ. ಆಮೇಲೆ ಮೆಲ್ಲಗೆ ಹೆಚ್ಚಿಸುತ್ತ ಆರನೇ ವಾರಕ್ಕೆ ಒಂದೂವರೆ ಗಂಟೆಗೆ ತನ್ನಿ. ವಾರದಲ್ಲಿ ಒಂದು ದಿನ ಈಜಿಸಿ, ಕೀಲುಗಳಿಗೆ ಪೆಟ್ಟಿಲ್ಲದೆ ದಮ್ಮು ಬೆಳೆಯುತ್ತದೆ. ಅಂಗಾಲು ಗಟ್ಟಿಯಾಗಬೇಕಾದರೆ ಜಲ್ಲಿ ರಸ್ತೆ, ಒಣ ನೆಲದ ಮೇಲೆ ನಡೆಸಬೇಕು. ಮುಲಾಮು ಹಚ್ಚುವುದರಿಂದ ಮಾತ್ರ ಅಂಗಾಲು ಗಟ್ಟಿಯಾಗುವುದಿಲ್ಲ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಮಾತ್ರ ಖಂಡಿತ ಓಡಿಸಬೇಡಿ. ಕೊನೆಯ ವಾರ ಕೆಲಸ ಅರ್ಧಕ್ಕಿಳಿಸಿ.

ಮುಳ್ಳು, ಪಾಪಾಸುಕಳ್ಳಿ ಇರುವ ನೆಲಕ್ಕೆ ಬೂಟು ಬೇಕು. ಬೂಟನ್ನು ಪ್ರವಾಸದ ಮೊದಲ ದಿನ ತೊಡಿಸಿದರೆ ನಾಯಿ ಒಂದೊಂದೇ ಕಾಲೆತ್ತಿ ಕುಣಿಯುತ್ತದೆ, ಉಜ್ಜಿ ಗಾಯವೂ ಆಗುತ್ತದೆ. ಮನೆಯಲ್ಲೇ ಹತ್ತು ನಿಮಿಷದಿಂದ ಆರಂಭಿಸಿ ಅಭ್ಯಾಸ ಮಾಡಿಸಿ. ಉಗುರು ಚಿಕ್ಕದಾಗಿರಲಿ. ಆದರೆ ಹೊರಡುವ ಮುನ್ನಾದಿನ ಕತ್ತರಿಸಲು ಹೋಗಿ ರಕ್ತ ಬರಿಸಬೇಡಿ, ವಾರದ ಮುಂಚೆಯೇ ಮುಗಿಸಿ.

ಆಹಾರದ ಬಗ್ಗೆ ಎರಡು ಮಾತು. ಓಡುವ ನಾಯಿಗೆ ಶಕ್ತಿ ಬರುವುದು ಮುಖ್ಯವಾಗಿ ಕೊಬ್ಬಿನಿಂದ. ಸುಮಾರು 30 ಶೇಕಡಾ ಪ್ರೋಟೀನ್, 20 ಶೇಕಡಾ ಕೊಬ್ಬು ಇರುವ ಆಹಾರ ಕೆಲಸದ ನಾಯಿಗಳಿಗೆ ರೂಢಿಯಲ್ಲಿದೆ. ಅದಕ್ಕೆ ಬದಲಾಯಿಸುವುದಾದರೆ ಆರು ವಾರ ಮುಂಚೆ, ಹಳೆಯದರ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬದಲಾಯಿಸಿ. ದಾರಿಯಲ್ಲಿ ಹೊಸ ಆಹಾರ ಕೊಟ್ಟರೆ ಭೇದಿ ಖಂಡಿತ. ಬೇಟೆಯ ದಿನ ದೊಡ್ಡ ಊಟ ಸಂಜೆಯದು. ನಾಯಿ ತಣ್ಣಗಾಗಿ, ನೀರು ಕುಡಿದು, ಉಸಿರು ಸರಿಯಾದ ಮೇಲೆ ಕೊಡಿ. ಬೆಳಿಗ್ಗೆ ಹೊಟ್ಟೆ ತುಂಬಿಸಿ ಓಡಿಸಿದರೆ ಜಠರ ತಿರುಚಿಕೊಳ್ಳುವ ಅಪಾಯವಿದೆ. ಅದು ಗಂಟೆಗಳಲ್ಲಿ ಪ್ರಾಣ ತೆಗೆಯುವ ತೊಂದರೆ. ನಡುವೆ ತುಣುಕು ತುಣುಕಾಗಿ ಏನಾದರೂ ಕೊಟ್ಟರೆ ಸಾಕು. ಸಕ್ಕರೆ ಅಂಶ ಇಳಿದು ತೂರಾಡುವ ನಾಯಿಗಳೂ ಇವೆ, ಅಂಥದ್ದಕ್ಕೆ ಜೇನುತುಪ್ಪದ ಸಣ್ಣ ಬಾಟಲಿ ಜೇಬಿನಲ್ಲಿರಲಿ.

ಒಂದೇ ನಾಯಿ ಇದ್ದರೆ ಎರಡು ವಾರದಲ್ಲಿ ಪ್ರತಿದಿನ ಬೇಟೆ ಆಗುವುದಿಲ್ಲ, ಆಗಬಾರದು. ಎರಡು ದಿನ ಕೆಲಸ, ಒಂದು ದಿನ ವಿಶ್ರಾಂತಿ ಎಂದು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ. ನೆಲೆ ಬದಲಿಸುವ ದಿನವನ್ನು ವಿಶ್ರಾಂತಿ ದಿನವಾಗಿ ಎಣಿಸಬೇಡಿ, ಪೆಟ್ಟಿಗೆಯಲ್ಲಿ ಮೂರು ನಾಲ್ಕು ಗಂಟೆ ಕುಲುಕಾಡುವುದು ವಿಶ್ರಾಂತಿ ಅಲ್ಲ. ಎರಡು ನಾಯಿಗಳಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು.

ಪಶುವೈದ್ಯರು ಮತ್ತು ಔಷಧದ ಪೆಟ್ಟಿಗೆ

ಹೊರಡುವ ತಿಂಗಳ ಮುಂಚೆ ಪೂರ್ಣ ತಪಾಸಣೆ. ರೇಬೀಸ್ ಲಸಿಕೆಯ ಪ್ರಮಾಣಪತ್ರ ಜೊತೆಯಲ್ಲಿರಬೇಕು. ರಾಜ್ಯದ ಗಡಿ ದಾಟುವ ನಾಯಿಗೆ ಆರೋಗ್ಯ ಪ್ರಮಾಣಪತ್ರ ಬೇಕೇ ಎಂದು ಕೇಳಿ ಮಾಡಿಸಿಕೊಳ್ಳಿ. ನಿಂತ ನೀರು ಕುಡಿಯುವ ನಾಯಿಗೆ ಲೆಪ್ಟೋಸ್ಪೈರೋಸಿಸ್ ಲಸಿಕೆ ಒಳ್ಳೆಯದು. ಉಣ್ಣಿಯ ಔಷಧ, ಹೃದಯಹುಳುವಿನ ಮಾತ್ರೆ ತಪ್ಪಬಾರದು. ಎರಡೂ ನೆಲೆಗಳ ಹತ್ತಿರದ ಪಶುವೈದ್ಯರ ನಂಬರು, ರಾತ್ರಿ ತುರ್ತಿಗೆ ಯಾವ ಊರಿಗೆ ಹೋಗಬೇಕು ಎಂಬುದನ್ನು ಕಾಗದದ ಮೇಲೆ ಬರೆದಿಡಿ. ಬಯಲಲ್ಲಿ ಅದು ಎರಡು ಗಂಟೆಯ ದಾರಿ ಇರಬಹುದು.

ಪೆಟ್ಟಿಗೆಯಲ್ಲಿ ಇರಲೇಬೇಕಾದವು: ಕಣ್ಣು ತೊಳೆಯುವ ಸಲೈನ್, ಬಾಗಿದ ಮೂತಿಯ ಚಿಕ್ಕ ಫೋರ್ಸೆಪ್ಸ್, ಚಿಮುಟ, ಗಾಜ್ ಬಟ್ಟೆ, ತನಗೆ ತಾನೇ ಅಂಟುವ ಬ್ಯಾಂಡೇಜ್, ಚರ್ಮಕ್ಕೆ ಹಾಕುವ ಸ್ಟೇಪ್ಲರ್ (ವೈದ್ಯರಿಂದ ಬಳಸುವುದನ್ನು ಕಲಿತಿದ್ದರೆ ಮಾತ್ರ), ಗುದದ ಥರ್ಮಾಮೀಟರ್, ಬಾಯಿಗೆ ಕಟ್ಟಲು ಮೆತ್ತನೆಯ ಪಟ್ಟಿ. ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು. ಇದರ ಜೊತೆಗೆ ಒಳ್ಳೆಯ ತಂತಿ ಕತ್ತರಿಯೊಂದು ನಿಮ್ಮ ವೆಸ್ಟಿನಲ್ಲಿ ಸದಾ ಇರಲಿ. ಕಾಯೋಟಿಗಳಿಗೆ (ಅಲ್ಲಿನ ನರಿಯಂಥ ಪ್ರಾಣಿ) ಬೇಲಿಯಡಿ ಒಡ್ಡಿದ ತಂತಿ ಉರುಳಿಗೆ ನಾಯಿಯ ಕೊರಳು ಸಿಕ್ಕಿದರೆ ಗಾಡಿಗೆ ಓಡಿ ಬರುವಷ್ಟು ಸಮಯ ಇರುವುದಿಲ್ಲ. ಮನುಷ್ಯರ ನೋವಿನ ಮಾತ್ರೆ, ಐಬುಪ್ರೊಫೆನ್ ಆಗಲಿ ಪ್ಯಾರಾಸಿಟಮಾಲ್ ಆಗಲಿ, ನಾಯಿಗೆ ವಿಷ. ವೈದ್ಯರು ಬರೆದುಕೊಟ್ಟದ್ದನ್ನೇ ಒಯ್ಯಿರಿ.

ಕೋವಿ, ತೋಟಾ

12 ಅಥವಾ 20 ಗೇಜಿನ, ಹೊರಲು ಹಗುರವಾದ ಕೋವಿ ಸಾಕು. ಗ್ರೌಸ್, ಕೌಜುಗಕ್ಕೆ ಏಳೂವರೆ ಅಥವಾ ಆರನೇ ನಂಬರಿನ ಚರೆ, ಫೆಸೆಂಟಿಗೆ ಐದು ಅಥವಾ ಆರು. ಆದರೆ ಎಲ್ಲ ಕಡೆಯೂ ಸೀಸದ ಚರೆ ನಡೆಯುವುದಿಲ್ಲ. ನೀರುಹಕ್ಕಿಗಳು ಮರಿಮಾಡಲೆಂದು ಕಾಯ್ದಿಟ್ಟ ಫೆಡರಲ್ ವಾಟರ್‌ಫೌಲ್ ಪ್ರೊಡಕ್ಷನ್ ಪ್ರದೇಶಗಳಲ್ಲಿ, ಅವು ಡಕೋಟಗಳ ಒಳ್ಳೆಯ ಫೆಸೆಂಟ್ ನೆಲಗಳೂ ಹೌದು, ಉಕ್ಕು ಅಥವಾ ಬಿಸ್ಮತ್‌ನಂತಹ ವಿಷರಹಿತ ಚರೆ ಕಡ್ಡಾಯ. ಪ್ರವಾಸಕ್ಕೆಲ್ಲ ಒಂದೇ ಬಗೆಯ ವಿಷರಹಿತ ತೋಟಾ ಒಯ್ದರೆ ಗಡಿಗಡಿಯಲ್ಲಿ ಜೇಬು ತಡಕುವ ಗೋಜಿಲ್ಲ. ನಳಿಗೆಯ ತುದಿ ಕಿರಿದಾಗಿರುವ, ಅಂದರೆ ಬಿಗಿ ಚೋಕಿನ, ಹಳೆಯ ಕೋವಿಗೆ ಉಕ್ಕಿನ ಚರೆ ಹಾಕಬೇಡಿ. ನಿಯಮ ಕೇಳಲಿ ಬಿಡಲಿ, ಕಿತ್ತಳೆ ಬಣ್ಣದ ಟೋಪಿ ಮತ್ತು ವೆಸ್ಟ್ ತೊಡಿ, ನಾಯಿಗೂ ತೊಡಿಸಿ.

ಗಾಡಿ, ರಸ್ತೆ, ರಾತ್ರಿ

ನಾಯಿಯ ಪೆಟ್ಟಿಗೆಯನ್ನು ಗಾಡಿಗೆ ಭದ್ರವಾಗಿ ಕಟ್ಟಿ, ಗಾಳಿ ಆಡುವಂತಿರಲಿ. ಹೆಚ್ಚುವರಿ ಟೈರು ಪೂರ್ಣ ಗಾತ್ರದ್ದೇ ಇರಲಿ. ಪೂರ್ವ ಮೊಂಟಾನಾ ಮತ್ತು ಡಕೋಟಗಳ ಪಶ್ಚಿಮದಲ್ಲಿ 'ಗಂಬೋ' ಎಂದು ಕರೆಯುವ ಜೇಡಿಮಣ್ಣಿದೆ. ಒಣಗಿದ್ದಾಗ ಕಲ್ಲು, ಮಳೆ ಬಿದ್ದರೆ ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನೂ ಹಿಡಿದು ನಿಲ್ಲಿಸುತ್ತದೆ. ಮೋಡ ಕಟ್ಟಿದರೆ ಜಲ್ಲಿ ರಸ್ತೆಗೆ ವಾಪಸಾಗಿ. ಒಣಗಿದ ಎತ್ತರದ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ, ಕಾದ ಎಕ್ಸಾಸ್ಟಿನಿಂದ ಬಯಲೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಳಿದಾಗಲೇ ತುಂಬಿಸಿ. ಸಿಗ್ನಲ್ ಇಲ್ಲದ ಕಡೆಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್‌ನಂತಹ ಸಾಧನ ಒಯ್ಯುವುದು ಒಳ್ಳೆಯದು, ಒಬ್ಬರೇ ಹೋಗುವವರಿಗೆ ಬೇಕೇ ಬೇಕು.

ಮೋಟೆಲ್ ಬುಕ್ ಮಾಡುವಾಗ ನಾಯಿಗೆ ಅವಕಾಶವಿದೆಯೇ ಎಂದು ಫೋನಿನಲ್ಲೇ ಕೇಳಿ. ಸೌತ್ ಡಕೋಟದಲ್ಲಿ ಸೀಸನ್ ಆರಂಭದ ವಾರ ಕೊಠಡಿಗಳು ತಿಂಗಳುಗಳ ಮುಂಚೆಯೇ ಹೋಗುತ್ತವೆ. ನಾಯಿ ಮಲಗಲು ಮನೆಯದೇ ಹಾಸಿಗೆ ಒಯ್ಯಿರಿ. ಮಂಚದ ಮೇಲೆ ಹಳೆ ಚಾದರ ಹಾಸಿ. ಕೋಣೆಯೊಳಗೆ ಹಕ್ಕಿ ಶುಚಿ ಮಾಡಬೇಡಿ.

ಬಯಲಲ್ಲಿ ಒಂದು ದಿನ

ಸೌತ್ ಡಕೋಟದಲ್ಲಿ ಫೆಸೆಂಟ್ ಬೇಟೆ ಬೆಳಿಗ್ಗೆ 10ರ ನಂತರವೇ. ಗ್ರೌಸ್‌ಗೆ ಸಮಯ ಬೇರೆ. ಎರಡೂ ಡಕೋಟಗಳು ಎರಡು ಕಾಲವಲಯಗಳಲ್ಲಿ ಹರಡಿವೆ, ಗಡಿಯ ಹತ್ತಿರ ಫೋನಿನ ಗಡಿಯಾರ ತಾನಾಗಿಯೇ ಬದಲಾಗುತ್ತಿರುತ್ತದೆ. ಕೈಗಡಿಯಾರವನ್ನೇ ನಂಬಿ.

ಯಾವಾಗಲೂ ಗಾಳಿಗೆ ಎದುರಾಗಿ ನಡೆಯಿರಿ. ಗಾಡಿ ನಿಲ್ಲಿಸುವ ಜಾಗವನ್ನೇ ಆ ಲೆಕ್ಕದಲ್ಲಿ ಆರಿಸಿ. ನಾಯಿಗೆ ಸಿಗುವುದು ಗಾಳಿ ತಂದ ವಾಸನೆ. ಬೆನ್ನಿಗೆ ಗಾಳಿ ಇಟ್ಟುಕೊಂಡು ನಡೆದರೆ ಹಕ್ಕಿಗೆ ನೀವು ಮೊದಲು ಗೊತ್ತಾಗುತ್ತೀರಿ. ಗಾಡಿಯ ಬಾಗಿಲನ್ನು ಧಡಾರನೆ ಹಾಕಬೇಡಿ. ಒಂದೆರಡು ವಾರ ಪೆಟ್ಟು ತಿಂದ ಹುಂಜ ಫೆಸೆಂಟ್ ಆ ಸದ್ದಿಗೇ ಜೊಂಡಿನ ಇನ್ನೊಂದು ತುದಿಯಿಂದ ಹೊರಟುಬಿಡುತ್ತದೆ.

ಶಾರ್ಪ್‌ಟೇಲ್ ಬೆಳಿಗ್ಗೆ ತೆಳ್ಳನೆಯ ಹುಲ್ಲಿನ ದಿಬ್ಬಗಳ ಮೇಲೆ ಮಿಡತೆ ಹುಡುಕುತ್ತಿರುತ್ತದೆ. ಬಿಸಿಲೇರಿದಂತೆ ಬಫಲೋಬೆರಿ, ಸ್ನೋಬೆರಿ ಪೊದೆಗಳ ನೆರಳಿಗೆ ಇಳಿಯುತ್ತದೆ. ಹಂಗೇರಿಯನ್ ಕೌಜುಗ ಹಿಂಡುಹಿಂಡಾಗಿ ಗೋಧಿ ಕೂಳೆಯ ಅಂಚಿನಲ್ಲಿ, ಹಾಳುಬಿದ್ದ ಮನೆಗಳ ಸುತ್ತ ಇರುತ್ತದೆ. ಎಬ್ಬಿಸಿದ ಹಿಂಡು ಇಳಿದ ಜಾಗವನ್ನು ಕಣ್ಣಿಟ್ಟು ನೋಡಿದ್ದರೆ ಮತ್ತೆ ಸಿಗುತ್ತದೆ. ಫೆಸೆಂಟ್ ಬೆಳಿಗ್ಗೆ ಮೆಕ್ಕೆಜೋಳ, ಜೋಳದ ಹೊಲಗಳಲ್ಲಿ, ಹಗಲು ಹುಲ್ಲಿನಲ್ಲಿ, ಚಳಿ ಹೆಚ್ಚಿದಾಗ ಜೊಂಡಿನೊಳಗೆ. ಹುಂಜವನ್ನು ಮಾತ್ರ ಹೊಡೆಯಬೇಕು, ಹೇಂಟೆಯನ್ನಲ್ಲ. ಸೂರ್ಯನಿಗೆ ಎದುರಾಗಿ ಎದ್ದ ಹಕ್ಕಿಯ ಬಣ್ಣ ಸ್ಪಷ್ಟವಾಗದಿದ್ದರೆ ಕೋವಿ ಇಳಿಸಿ. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೂ ಇಳಿಸಿ. ನೆಗೆದು ಅಟ್ಟುವ ನಾಯಿಗೆ ಚರೆ ತಗಲುವುದು ಇಂಥ ತಗ್ಗಿನ ಹೊಡೆತಗಳಲ್ಲೇ.

ಒಂದೂವರೆ ಎರಡು ಗಂಟೆಯ ಸುತ್ತು ಮುಗಿದ ಕೂಡಲೇ ಗಾಡಿಗೆ ಬನ್ನಿ. ಒಂದು ಸುತ್ತಿಗೆ ಕಡಿಮೆಯೆಂದರೂ ಎರಡು ಲೀಟರ್ ನೀರು ನಾಯಿಗೆಂದೇ ಹೊತ್ತಿರಬೇಕು. ಬಿಸಿ ದಿನವಾದರೆ ಇನ್ನೂ ಹೆಚ್ಚು. ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕುಡಿಸಿ. ದನದ ಕೊಳದ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಕೆನೆ ಕಟ್ಟಿದ್ದರೆ ನಾಯಿಯನ್ನು ಹತ್ತಿರ ಬಿಡಬೇಡಿ. ಆ ಪಾಚಿಯ ವಿಷಕ್ಕೆ ಮದ್ದಿಲ್ಲ.

ಬಿಸಿಲಿನ ಹೊಡೆತವನ್ನು ಮೊದಲೇ ಗುರುತಿಸಬೇಕು. ನಾಲಿಗೆ ಅಗಲವಾಗಿ ಚಮಚದಂತೆ ಜೋತು ಬೀಳುತ್ತದೆ, ನಾಯಿ ನೆರಳು ಹುಡುಕುತ್ತದೆ, ಕರೆದರೆ ತಿರುಗುವುದಿಲ್ಲ. ಆಗಲೇ ನಿಲ್ಲಿಸಿ. ನಾಯಿಯ ಸಾಮಾನ್ಯ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಓಡುವಾಗ ಏರಿ ವಿಶ್ರಾಂತಿಯಲ್ಲಿ ಇಳಿಯುತ್ತದೆ. 41 ದಾಟಿ, ನಾಯಿ ತೂರಾಡುತ್ತಿದ್ದರೆ ಅದು ತುರ್ತು. ಇರುವ ನೀರೆಲ್ಲ ಮೈಮೇಲೆ ಸುರಿಯಿರಿ, ಗಾಳಿ ಹಾಕಿ, ತಣ್ಣಗಾಗಿಸುತ್ತಲೇ ವೈದ್ಯರ ಬಳಿಗೆ ಹೊರಡಿ. 'ಸುಧಾರಿಸಿಕೊಂಡಿತು' ಅನ್ನಿಸಿದರೂ ತೋರಿಸಲೇಬೇಕು, ಒಳಗಿನ ಅಂಗಗಳ ಹಾನಿ ಆಮೇಲೆ ಕಾಣಿಸಿಕೊಳ್ಳುತ್ತದೆ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಸಾಧ್ಯವಾದರೆ ಹೊತ್ತುಕೊಂಡು ಬಂದು, ವಿಷನಿರೋಧಕ ಔಷಧ ಇರುವ ವೈದ್ಯರಿಗೆ ಫೋನ್ ಮಾಡಿ ಹೊರಡಿ. ಮುಳ್ಳುಹಂದಿಯ ಮುಳ್ಳು ಐದಾರು ಇದ್ದರೆ ಫೋರ್ಸೆಪ್ಸಿನಲ್ಲಿ ಬುಡ ಹಿಡಿದು ನೇರ ಎಳೆಯಬಹುದು. ಬಾಯೊಳಗೆ, ಕಣ್ಣ ಹತ್ತಿರ, ಎದೆಗೆ ಚುಚ್ಚಿದ್ದರೆ ಮಂಪರು ಕೊಟ್ಟೇ ತೆಗೆಸಬೇಕು. ಸ್ಕಂಕ್ ಎಂಬ ಪ್ರಾಣಿ ತನ್ನ ದುರ್ವಾಸನೆಯ ದ್ರವ ಸಿಂಪಡಿಸಿದರೆ ಒಂದು ಲೀಟರ್ 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್, ಕಾಲು ಕಪ್ ಅಡುಗೆ ಸೋಡಾ, ಒಂದೆರಡು ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಬೆರೆಸಿ ಆಗಲೇ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ಕಣ್ಣಿಗೆ ತಾಗಿಸಬೇಡಿ. ಮಿಕ್ಕದ್ದನ್ನು ಬಾಟಲಿಯಲ್ಲಿ ಮುಚ್ಚಿಟ್ಟರೆ ಒಡೆಯುತ್ತದೆ, ಚೆಲ್ಲಿಬಿಡಿ.

ಸಂಜೆಯ ತಪಾಸಣೆ ಇಡೀ ದಿನದ ಅತಿ ಮುಖ್ಯ ಕೆಲಸ. ಹೊಟ್ಟೆ ಎಷ್ಟೇ ಹಸಿದಿರಲಿ, ನಾಯಿಯನ್ನು ನೋಡಿದ ಮೇಲೆಯೇ ನಿಮ್ಮ ಊಟ. ಬೆರಳ ಸಂದು, ಕಂಕುಳು, ತೊಡೆಸಂದು, ಕಿವಿಯೊಳಗೆ, ರೆಪ್ಪೆಯಡಿ, ವಸಡಿನ ಸುತ್ತ ಬೆರಳಾಡಿಸಿ. ಹುಡುಕುತ್ತಿರುವುದು ಫಾಕ್ಸ್‌ಟೇಲ್, ವೈಲ್ಡ್ ರೈ ಜಾತಿಯ ಹುಲ್ಲಿನ ಸೂಜಿತೆನೆ. ಅದರ ಮೈಮೇಲಿನ ಹಿಮ್ಮುಖ ಕೂದಲಿನಿಂದಾಗಿ ಅದು ಒಳಕ್ಕೆ ಮಾತ್ರ ಸಾಗುತ್ತದೆ. ಮೂಗಿನಿಂದ ಶ್ವಾಸಕೋಶಕ್ಕೆ, ಚರ್ಮದಿಂದ ಎದೆಗೂಡಿಗೆ ಹೋಗಿ ಕೀವು ಕಟ್ಟುತ್ತದೆ. ಮುಳ್ಳುತಂತಿ ಬೇಲಿ ಹಾರುವಾಗ ಎದೆ, ಹೊಟ್ಟೆಗೆ ಆದ ಗೀರು ಕೂದಲಿನಡಿ ಕಾಣುವುದಿಲ್ಲ, ಕೈಗೆ ತಾಗುತ್ತದೆ. ಮರುದಿನ ಬೆಳಿಗ್ಗೆ ನಾಯಿ ಪೆಟ್ಟಿಗೆಯಿಂದ ಇಳಿಯುವ ರೀತಿ ನೋಡಿ. ಹತ್ತು ನಿಮಿಷ ನಡೆದ ಮೇಲೂ ಕುಂಟುತ್ತಿದ್ದರೆ ಆ ದಿನ ಬೇಟೆ ಇಲ್ಲ. ಎಷ್ಟು ದೂರದಿಂದ ಬಂದಿದ್ದೀರಿ, ರಜೆ ಎಷ್ಟು ಉಳಿದಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರಬಾರದು. ಬಯಲಿಗೆ ಬಿಟ್ಟರೆ ನೋವನ್ನೂ ಮರೆತು ಓಡುವ ಪ್ರಾಣಿ ಅದು. ಬೇಡ ಎನ್ನಬೇಕಾದವರು ನಾವು.

ಹಕ್ಕಿಯ ಮಾಂಸ ಮತ್ತು ಲೆಕ್ಕ

ಬಿಸಿ ದಿನದಲ್ಲಿ ಗ್ರೌಸ್‌ನ ಕರುಳನ್ನು ಹೊಡೆದ ಜಾಗದಲ್ಲೇ ತೆಗೆಯಿರಿ. ಐಸ್ ಪೆಟ್ಟಿಗೆಯಲ್ಲಿ ಮಾಂಸ ನೀರಿನಲ್ಲಿ ನೆನೆಯದಂತೆ ನೋಡಿಕೊಳ್ಳಿ. ಹಸಿ ಕರುಳು, ಹಸಿ ಮಾಂಸವನ್ನು ನಾಯಿಗೆ ಹಾಕಬೇಡಿ. ಹಕ್ಕಿಜ್ವರ ಕಾಡುಹಕ್ಕಿಗಳಲ್ಲಿ ಹರಡಿರುವ ಕಾಲವಿದು.

ದೀರ್ಘ ಪ್ರವಾಸದವರು ಎಡವುವುದು ಒಟ್ಟು ಮಿತಿಯಲ್ಲಿ. ಸೌತ್ ಡಕೋಟದಲ್ಲಿ ದಿನಕ್ಕೆ 3 ಹುಂಜ, ಒಟ್ಟು ಕೈಯಲ್ಲಿ ಇರಬಹುದಾದದ್ದು 15. ಮೋಟೆಲಿನ ಫ್ರೀಜರಿನಲ್ಲಿ ಇರುವುದೂ ಆ ಲೆಕ್ಕಕ್ಕೆ ಸೇರುತ್ತದೆ. ಸಾಗಿಸುವಾಗ ಜಾತಿ ಮತ್ತು ಗಂಡು ಹೆಣ್ಣು ಗುರುತಾಗುವಂತೆ ತಲೆ, ಕಾಲು ಅಥವಾ ಪುಕ್ಕವಿರುವ ರೆಕ್ಕೆಯನ್ನು ಹಾಗೇ ಬಿಡಬೇಕು. ಯಾವುದು ಎಂಬುದು ರಾಜ್ಯಕ್ಕೆ ತಕ್ಕಂತೆ. ಪ್ರತಿ ಚೀಲದ ಮೇಲೂ ದಿನಾಂಕ, ಜಾತಿ, ಹೊಡೆದವರ ಹೆಸರು, ಪರವಾನಗಿ ಸಂಖ್ಯೆ ಬರೆಯಿರಿ. ಸಾಧ್ಯವಾದರೆ ನಡುನಡುವೆ ಅಲ್ಲೇ ಬೇಯಿಸಿ ತಿನ್ನಿ. ಗ್ರೌಸ್‌ನ ಮಾಂಸ ಗಾಢ ಬಣ್ಣದ್ದು, ಹೆಚ್ಚು ಬೆಂದರೆ ಚರ್ಮದಂತಾಗುತ್ತದೆ.

ಮನೆಗೆ ಬಂದ ಮೇಲೆ

ಒಂದು ವಾರ ನಾಯಿಗೆ ಬರೀ ನಡಿಗೆ. ಆಹಾರವನ್ನು ಮೆಲ್ಲಗೆ ಹಳೆಯ ಪ್ರಮಾಣಕ್ಕೆ ಇಳಿಸಿ. ಹುಲ್ಲಿನ ಸೂಜಿ ಒಳಹೊಕ್ಕಿದ್ದರೆ ಲಕ್ಷಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಕೆಮ್ಮು, ಬಿಡದ ಜ್ವರ, ತಲೆ ಕೊಡವುವುದು, ಒಂದೇ ಬೆರಳನ್ನು ನೆಕ್ಕುತ್ತಿರುವುದು, ಪಕ್ಕೆಯ ಮೇಲೆ ಗಂಟು, ಇವುಗಳಲ್ಲಿ ಏನೇ ಕಂಡರೂ ವೈದ್ಯರ ಬಳಿಗೆ ಹೋಗಿ, ಯಾವ ರಾಜ್ಯದ ಎಂಥ ಹುಲ್ಲಿನಲ್ಲಿ ನಾಯಿ ಓಡಿತ್ತು ಎಂದು ಮೊದಲ ಮಾತಿನಲ್ಲೇ ಹೇಳಿ. ನಗರದ ವೈದ್ಯರಿಗೆ ಆ ಸಾಧ್ಯತೆ ತಾನಾಗಿ ಹೊಳೆಯದೇ ಇರಬಹುದು.